ಒಂದೇ ಹೆಸರಿಗೆ ಜಾಗವಿದ್ದ ನಮೂನೆ

ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ಹೊಸ ಮನೆಗೆ ನಾವು ಬಂದ ಮೂರನೆಯ ವಾರ, ಪಕ್ಕದ ಮನೆಯವರು ತಮ್ಮ ಕಸದ ಡಬ್ಬಿಯ ಜೊತೆ ನಮ್ಮದನ್ನೂ ರಸ್ತೆಯ ಅಂಚಿಗೆ ಎಳೆದಿಟ್ಟಿದ್ದರು. ಹಳದಿ ಮುಚ್ಚಳದ ಮರುಬಳಕೆಯ ಡಬ್ಬಿಯನ್ನು ಯಾವ ವಾರ ಇಡಬೇಕೆಂಬುದು ನಮಗಿನ್ನೂ ತಿಳಿದಿರಲಿಲ್ಲ. ಧನ್ಯವಾದ ಹೇಳೋಣವೆಂದು ಹೊರಗೆ ಬಂದೆ. ಐವತ್ತೈದು ದಾಟಿದ, ಎತ್ತರದ, ಮಾತು ಮೆಲ್ಲಗಿನ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೆಲಸಕ್ಕೆ ಹೊರಟಿದ್ದರು. ಭಾರತದಿಂದ ನೇರ ಇಲ್ಲಿಗೇ ಬಂದಿರಾ ಎಂದು ಕೇಳಿದರು. ಇಲ್ಲ, ನಡುವೆ ಎರಡೂವರೆ ವರ್ಷ ಆಫ್ರಿಕಾದಲ್ಲಿದ್ದೆ ಎಂದೆ.

"ಆಫ್ರಿಕಾ ದೊಡ್ಡದು. ಅಲ್ಲಿ ಎಲ್ಲಿ?" ಎಂದು ನಕ್ಕರು.

ದೇಶದ ಹೆಸರು ಹೇಳಿದೆ. ಅದು ಅವರದೇ ದೇಶ. ಡಬ್ಬಿಯನ್ನು ಅಲ್ಲೇ ಬಿಟ್ಟು ತಮ್ಮ ಭಾಷೆಯಲ್ಲಿ ನಮಸ್ಕಾರ ಹೇಳಿದರು. ನಾನು ಮರೆತಿರದ ಎರಡು ಮಾತಿನಲ್ಲಿ ಉತ್ತರ ಕೊಟ್ಟೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು ನನ್ನಿಂದ ಅದನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ ತಾವು ಅಲ್ಲಿನ ರಾಜಧಾನಿಯಲ್ಲಿ, ಭೂಮಿ ಇಲಾಖೆಯಲ್ಲಿ ಇಪ್ಪತ್ತು ವರ್ಷ ದುಡಿದವರೆಂದೂ, ಈಗ ಇಲ್ಲಿಯ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಇರುವುದಾಗಿಯೂ ಹೇಳಿದರು.

"ನೀವು ಅಲ್ಲಿ ಏನು ಕೆಲಸ ಮಾಡುತ್ತಿದ್ದಿರಿ?"

"ಕಂಪ್ಯೂಟರ್ ಕಲಿಸುತ್ತಿದ್ದೆ," ಎಂದೆ.

ಪೂರ್ತಿ ಸುಳ್ಳಲ್ಲ. ಆದರೆ ನಿಜದ ಸಣ್ಣ ತುದಿ ಅಷ್ಟೇ. ಒಳಗೆ ಬಂದು ಅಡಿಗೆಮನೆಯ ಸ್ಟೂಲಿನ ಮೇಲೆ ಕುಳಿತೆ. ಆವತ್ತು ಮೊದಲಾದ ಹೆದರಿಕೆ ಏಳು ತಿಂಗಳು ನನ್ನನ್ನು ಬಿಡಲಿಲ್ಲ.

ನಾನು ಹುಬ್ಬಳ್ಳಿಯವಳು. ನಮ್ಮಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದ ಕಾಲದಲ್ಲಿ ಆ ಕೆಲಸ ಕಲಿತೆ. ಅದೇ ಅನುಭವದ ಮೇಲೆ, ಮದುವೆಗೆ ಮೊದಲು, ವಿದೇಶಿ ನೆರವಿನಿಂದ ನಡೆಯುತ್ತಿದ್ದ ಒಂದು ಪ್ರಾಜೆಕ್ಟು ನನ್ನನ್ನು ಆ ದೇಶಕ್ಕೆ ಕರೆದುಕೊಂಡು ಹೋಯಿತು. ದೇಶದ ಹೆಸರು ಇಲ್ಲಿ ಬರೆಯುವುದಿಲ್ಲ, ಯಾಕೆಂದರೆ ನಾನು ಹೇಳಹೊರಟಿರುವ ಕೇಸು ಇನ್ನೂ ಮುಗಿದಿಲ್ಲ. ಎರಡು ಜಿಲ್ಲೆಗಳ ಭೂದಾಖಲೆಯನ್ನು ಕಂಪ್ಯೂಟರಿಗೆ ಏರಿಸಬೇಕು, ಅದು ಯಶಸ್ವಿಯಾದರೆ ದೇಶಕ್ಕೆಲ್ಲ ಹಬ್ಬಿಸಬೇಕು ಎಂಬುದು ಒಪ್ಪಂದ.

ನಾನಿದ್ದ ಜಿಲ್ಲೆಯ ಕಚೇರಿಯಲ್ಲಿ ಬ್ರಿಟಿಷರ ಕಾಲದ ಕಬ್ಬಿಣದ ಕಪಾಟುಗಳು ಸಾಲಾಗಿ ನಿಂತಿದ್ದವು. ಅವುಗಳ ಬೀಗದಕೈ ಒಬ್ಬ ವಯಸ್ಸಾದ ಗುಮಾಸ್ತರ ಸೊಂಟದಲ್ಲಿ. ಮೊದಲನೆಯ ದಿನ ಅವರು ಜಿಲ್ಲೆಯ ಹಳೆಯ ನಕ್ಷೆಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರು. ಎತ್ತರದ ತಂಪು ಜಾಗದಲ್ಲಿದ್ದ ಬಿಳಿಯರ ತೋಟಗಳ ಒಂದೊಂದು ಬೇಲಿ, ಒಂದೊಂದು ಬಾವಿ ಅದರಲ್ಲಿ ಇತ್ತು. ಕೆಳಗಿನ ಬಯಲಿನಲ್ಲಿ, ಅಂದರೆ ಜನ ವಾಸವಾಗಿದ್ದ ಕಡೆಯಲ್ಲಿ, ಬರಿ ಕಾಗದ. ಇಷ್ಟು ದೊಡ್ಡ ಭಾಗ ಯಾಕೆ ಖಾಲಿ ಎಂದು ಕೇಳಿದೆ.

"ಅವರಿಗೆ ಬೇಕಾದದ್ದನ್ನು ಅವರು ಬರೆದುಕೊಂಡರು," ಎಂದರು ಗುಮಾಸ್ತರು. "ಹೋಗುವಾಗ ಬೀಗದಕೈ ಕೊಟ್ಟು ಹೋದರು. ಕಪಾಟಿನಲ್ಲಿ ನಮ್ಮ ಬಗ್ಗೆ ಏನೂ ಇರಲಿಲ್ಲ."

ನಮ್ಮಲ್ಲಿ ಅದೇ ಬ್ರಿಟಿಷರು ಹೊಲಗಳನ್ನು ಗುಂಟೆ ಗುಂಟೆ ಅಳೆದಿದ್ದರು. ಕಂದಾಯ ಹೊಲದ ಮೇಲಿತ್ತು. ಅಲ್ಲಿ ತೆರಿಗೆ ಗುಡಿಸಲಿಗೆ ಇಷ್ಟು ಎಂದು. ಹಾಗಾಗಿ ಗುಡಿಸಲು ಎಣಿಸಿದರು, ಹೊಲ ಅಳೆಯಲಿಲ್ಲ. ವಸೂಲಿಗೆ ಪ್ರತಿ ಊರಿಗೆ ಒಬ್ಬ ಮುಖ್ಯಸ್ಥನನ್ನು ನೇಮಿಸಿದರು. ಮೊದಲು ಅಂಥ ಮುಖ್ಯಸ್ಥನೇ ಇಲ್ಲದ ಊರಿಗೂ ಒಬ್ಬನಿಗೆ ಅಧಿಕಾರದ ಟೋಪಿ ತೊಡಿಸಿ ಕೂಡಿಸಿದರು. ಸ್ವಾತಂತ್ರ್ಯ ಬಂತು. ಟೋಪಿ ಆ ಮನೆಯಲ್ಲೇ ಉಳಿಯಿತು.

ನಮ್ಮ ತಂಡ ಊರೂರು ಸುತ್ತಿತು. ಹೊಲಗಳು ಕುಲದವು, ಉಳುವವರು, ಬಿತ್ತುವವರು ಹೆಚ್ಚಾಗಿ ಹೆಂಗಸರು. ಮರಗೆಣಸಿನ ಸಾಲಿನಲ್ಲಿ ನಿಂತು, ಇದು ಯಾರದು ಎಂದು ಕೇಳಿದರೆ ಐದಾರು ಹೆಸರು ಬರುತ್ತಿದ್ದವು. ಕೈಬರಹದ ಹಾಳೆಗಳಲ್ಲಿ ನಾವು ಎಲ್ಲವನ್ನೂ ಬರೆದುಕೊಂಡೆವು. ಆದರೆ ಕಂಪ್ಯೂಟರಿನ ನಮೂನೆಯಲ್ಲಿ "ಮಾಲೀಕ" ಎಂಬ ಕಡೆ ಒಂದೇ ಹೆಸರಿಗೆ ಜಾಗವಿತ್ತು. ಬೇರೆ ಯಾವುದೋ ದೇಶಕ್ಕಾಗಿ ಸಿದ್ಧವಾಗಿದ್ದ ನಮೂನೆ ಅದು. ಒಂದು ಹೆಸರು ಎಂದರೆ ಯಾರದು? ಮುಖ್ಯಸ್ಥನದು. ಊರಿಗೆ ಊರೇ ಒಬ್ಬೊಬ್ಬನ ಹೆಸರಿನಲ್ಲಿ ಏರಿತು.

ಒಂದು ದಿನ ರಾಜಧಾನಿಯ ಇಲಾಖೆಯಿಂದ ಎರಡು ಪುಟದ ಟಿಪ್ಪಣಿ ಬಂತು. ನಮೂನೆಗೆ ಎರಡನೆಯ ಹಾಳೆ ಸೇರಿಸಿ, ಉಳುವವರ ಹೆಸರು ಅದರಲ್ಲಿ ಇರಲಿ. ಇಲ್ಲದಿದ್ದರೆ ನಾವು ಬಿಳಿಯರ ಕಾಲದ ತಪ್ಪಿಗೆ ಕಾನೂನಿನ ಮುದ್ರೆ ಒತ್ತಿದಂತಾಗುತ್ತದೆ ಎಂದು ಅದರಲ್ಲಿತ್ತು. ಬರೆದವರ ಹುದ್ದೆ ಇತ್ತು, ಸಹಿ ಓದಲು ಆಗುತ್ತಿರಲಿಲ್ಲ. ನಮ್ಮ ತಂಡದ ಮುಖ್ಯಸ್ಥರು ಬೆಳಗಾವಿಯವರು. ಓದಿ, ತಲೆಯಾಡಿಸಿ, ಮಾತು ಖರೇ ಅದ, ಆದರ ಟೈಮ್ ಎಲ್ಲದ ಎಂದರು. ನೆರವು ಕೊಟ್ಟವರಿಗೆ ವರ್ಷದ ಕೊನೆಗೆ ಲೆಕ್ಕ ತೋರಿಸಬೇಕಿತ್ತು, ಅಲ್ಲಿಯ ಸರ್ಕಾರಕ್ಕೆ ಚುನಾವಣೆ ಹತ್ತಿರವಿತ್ತು. ಉತ್ತರವನ್ನು ನಾನೇ ಟೈಪ್ ಮಾಡಿದೆ: ಸಲಹೆಯನ್ನು ಎರಡನೆಯ ಹಂತದಲ್ಲಿ ಪರಿಗಣಿಸಲಾಗುವುದು. ಕೆಳಗೆ ನನ್ನ ಹೆಸರು.

ಎರಡನೆಯ ಹಂತ ಬರಲೇ ಇಲ್ಲ. ಪ್ರಾಜೆಕ್ಟು ಮುಗಿಯಿತು, ಫೋಟೋ ತೆಗೆಸಿಕೊಂಡೆವು, ನಾನು ಊರಿಗೆ ಬಂದು ಮದುವೆಯಾಗಿ ಸಿಡ್ನಿಗೆ ಬಂದೆ. ಇಲ್ಲಿ ಕಾಯಂ ನೆಲೆಸಲು ಹಾಕಿದ ಪಿಆರ್ ಅರ್ಜಿಯಲ್ಲಿ ಆ ಎರಡೂವರೆ ವರ್ಷ ಒಳ್ಳೆಯ ಅನುಭವ ಎಂದು ಎಣಿಕೆಯಾಯಿತು. ನನ್ನ ಸ್ವಂತ ತಾಯಿಯ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಸೋದರಮಾವಂದಿರು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡು ಎಂದಾಗ ಅವ್ವ ನಗುತ್ತಲೇ ಮಾಡಿಕೊಟ್ಟಳು. ಅದನ್ನು ಕಣ್ಣಾರೆ ನೋಡಿದ ನಾನೇ ಸಾವಿರಾರು ಮೈಲಿ ದೂರ ಹೋಗಿ ಬೇರೆಯವರ ಅವ್ವಂದಿರ ಹೆಸರನ್ನು ಬಿಟ್ಟುಬಂದಿದ್ದೆ.

ಇದೆಲ್ಲ ಪಕ್ಕದ ಮನೆಯವರಿಗೆ ಗೊತ್ತಿಲ್ಲ. ಅವರು ನನ್ನನ್ನು ಸಿಸ್ಟರ್ ಎಂದು ಕರೆಯತೊಡಗಿದರು. ಕೆಲಸಕ್ಕೆ ಹೋಗುವಾಗ ತಮ್ಮ ಕಾರಿನಲ್ಲೇ ಸ್ಕೋಫೀಲ್ಡ್ಸ್ ಸ್ಟೇಷನ್ನಿನವರೆಗೆ ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಆಸ್ಪತ್ರೆಯ ದಾಖಲೆ ವಿಭಾಗದ ಬಗ್ಗೆ ಹೇಳುವರು. ಇಲ್ಲಿ ಫೈಲ್ ಕೇಳಿದರೆ ಫೈಲ್ ಬರುತ್ತದೆ, ಅದು ಇನ್ನೂ ತಮಗೆ ಅಭ್ಯಾಸವಾಗಿಲ್ಲ ಎನ್ನುವರು. ಅವರು ಇಲಾಖೆ ಎಂದಾಗಲೆಲ್ಲ ನಾನು ಕಿಟಕಿಯ ಹೊರಗೆ ಕಟ್ಟುತ್ತಿರುವ ಮನೆಗಳನ್ನು ನೋಡುತ್ತಾ ಮಾತು ತಿರುಗಿಸುತ್ತಿದ್ದೆ. ಯಾವ ವಿಭಾಗದಲ್ಲಿ ಇದ್ದಿರಿ ಎಂದು ಕೇಳಬೇಕು ಅನಿಸುತ್ತಿತ್ತು. ಉತ್ತರ ಗೊತ್ತಾಗಿಬಿಟ್ಟರೆ ಎಂದು ಕೇಳುತ್ತಿರಲಿಲ್ಲ.

ಆ ಉತ್ತರ ಸಿಡ್ನಿಯಲ್ಲಿ ಭಾರತೀಯರು ಹೆಚ್ಚಿರುವ ಪೆಂಡಲ್ ಹಿಲ್‌ನಲ್ಲಿ ತಾನಾಗಿಯೇ ಸಿಕ್ಕಿತು. ನಮ್ಮವರ ಹುಟ್ಟುಹಬ್ಬಕ್ಕೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಊಟ ಇಟ್ಟುಕೊಂಡಿದ್ದೆವು. ಪಕ್ಕದ ಮನೆಯ ದಂಪತಿಗಳನ್ನೂ ಕರೆದಿದ್ದೆವು. ನಮ್ಮವರ ಆಫೀಸಿನ ಗೆಳೆಯನೊಬ್ಬ, ಬೆಂಗಳೂರಿನವನು, ಅವರ ಎದುರಿಗೆ ಕುಳಿತಿದ್ದ. ಕೆಟ್ಟವನಲ್ಲ, ಆದರೆ ಎಲ್ಲದಕ್ಕೂ ಬೇಗ ಕಾರಣ ಬೇಕು ಅವನಿಗೆ. ಸ್ವಾತಂತ್ರ್ಯ ಬಂದು ಇಷ್ಟು ಕಾಲವಾದರೂ ನಿಮ್ಮ ಕಡೆ ದೇಶಗಳಲ್ಲಿ ಒಂದು ಆಫೀಸೂ ನೆಟ್ಟಗೆ ನಡೆಯುವುದಿಲ್ಲವಂತಲ್ಲ, ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟ. ಅವನು ನಮ್ಮವರ ಕಡೆ ವಾಲಿ, "ಜನ ಹಂಗೇ ಇದಾರೆ ಗುರು, ಅವ್ರದ್ದೇ ಪ್ರಾಬ್ಲಮ್," ಎಂದು ಕನ್ನಡದಲ್ಲಿ ಸೇರಿಸಿದ.

ಪಕ್ಕದ ಮನೆಯವರು ರೊಟ್ಟಿ ಕೆಳಗಿಟ್ಟು, ಮೊದಲು ಪ್ರಶ್ನೆಯನ್ನೇ ತಿದ್ದಿದರು. ತಮ್ಮ ನೆರೆಯ ದೇಶವೊಂದರಲ್ಲಿ ಭೂಮಿ ಕಚೇರಿ ಚೆನ್ನಾಗಿಯೇ ನಡೆಯುತ್ತದೆ, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ ಎಂದರು. ಆಮೇಲೆ ನಿಧಾನವಾಗಿ ಹೇಳತೊಡಗಿದರು. ತಮ್ಮ ಜಿಲ್ಲೆಯಲ್ಲಿ ಬಾವುಟ ಬದಲಾದ ದಿನ ಹೈಸ್ಕೂಲು ಮುಗಿಸಿದವರನ್ನೆಲ್ಲ ಒಂದೇ ಬೆಂಚಿನ ಮೇಲೆ ಕೂಡಿಸಬಹುದಿತ್ತಂತೆ. ಅವರ ಅಪ್ಪನ ಕಾಲಕ್ಕೆ ಸರ್ಕಾರ ಅಂದರೆ ಇಬ್ಬರೇ: ತೆರಿಗೆಗೆ ಬರುವವನು, ಹೊಡೆಯಲು ಬರುವವನು. ಅಂಥ ಕಚೇರಿಗೆ ಮೋಸ ಮಾಡಿದವನನ್ನು ಊರು ಮೆಚ್ಚುತ್ತಿತ್ತು. ಹೊಸ ಸರ್ಕಾರ ಅದೇ ಕಟ್ಟಡದಲ್ಲಿ ಕುಳಿತಾಗ ಜನ ಅದನ್ನು ಹೇಗೆ ನಂಬಬೇಕು? ಕಚೇರಿಯದನ್ನು ತೆಗೆದು ತಮ್ಮ ಕುಲದವರಿಗೆ ಕೊಟ್ಟರೆ ಅದು ಕಳ್ಳತನ ಅಂತ ಯಾರಿಗೂ ಅನಿಸುತ್ತಿರಲಿಲ್ಲ, ಕೊಡದಿದ್ದರೆ ಮಾತ್ರ ದ್ರೋಹ.

ಅಷ್ಟರಲ್ಲಿ ಬಿರಿಯಾನಿ ಬಂತು. ಅವರು ಎಲ್ಲರಿಗೂ ಬಡಿಸುವವರೆಗೂ ಕಾದು ಮುಂದುವರಿಸಿದರು. ದೇಶದ ಅಧ್ಯಕ್ಷರಿಗೆ ತಮ್ಮ ಇಲಾಖೆಗಳದ್ದೇ ಭಯವಿತ್ತಂತೆ. ಯಾವುದಾದರೂ ಇಲಾಖೆ ಗಟ್ಟಿಯಾದರೆ ಅದರಿಂದ ಒಬ್ಬ ಎದುರಾಳಿ ಹುಟ್ಟಬಹುದು. ಹಾಗಾಗಿ ಕೆಲಸ ಕಲಿತವನನ್ನು ಕಲಿತ ಕೂಡಲೇ ವರ್ಗ ಮಾಡುತ್ತಿದ್ದರು. ಆಮೇಲೆ ನೆರವಿನವರು ಬಂದರು.

"ಒಳ್ಳೆಯ ಜನ. ನಮ್ಮ ಇಲಾಖೆಯಲ್ಲಿ ಅಳತೆ ಬಲ್ಲ ಮೂವರಿದ್ದರು. ಮೂವರನ್ನೂ ಹೆಚ್ಚು ಸಂಬಳಕ್ಕೆ ತಮ್ಮ ಪ್ರಾಜೆಕ್ಟಿಗೆ ತೆಗೆದುಕೊಂಡರು. ಪ್ರಾಜೆಕ್ಟು ಮುಗಿದಾಗ ಮೂವರೂ ಬೇರೆ ದೇಶಕ್ಕೆ ಹೋದರು. ಅವರ ಪ್ರಾಜೆಕ್ಟು ಮುಗಿಯುವಷ್ಟರಲ್ಲಿ ನಮ್ಮ ಇಲಾಖೆಯೂ ಮುಗಿದಿತ್ತು."

ನಮ್ಮ ತಂಡಕ್ಕೆ ಆ ಮೂವರನ್ನು ಸಂದರ್ಶನ ಮಾಡಿ ಆರಿಸಿದ್ದು ನಾನು. ಅದನ್ನು ನಾನು ಒಂದು ಸಾಧನೆ ಎಂದೇ ತಿಳಿದಿದ್ದೆ.

ಕೊನೆಗೆ ಅವರು, ಒಂದು ನಮೂನೆಯ ಬಗ್ಗೆ ತಾವು ಟಿಪ್ಪಣಿ ಬರೆದಿದ್ದಾಗಿಯೂ, ಎರಡನೆಯ ಹಾಳೆ ಸೇರಿಸಿ ಎಂದು ಕೇಳಿದ್ದಾಗಿಯೂ, ಮುಂದಿನ ತಿಂಗಳೇ ತಮ್ಮನ್ನು ಮೀನುಗಾರಿಕೆ ಇಲಾಖೆಗೆ ವರ್ಗ ಮಾಡಿದ್ದಾಗಿಯೂ ಹೇಳಿದರು. ನಾನು ಮೇಜಿನ ಕೆಳಗೆ ನಮ್ಮವರ ಮೊಣಕಾಲು ಗಟ್ಟಿಯಾಗಿ ಹಿಡಿದೆ. ಅವರಿಗೆ ಅರ್ಥವಾಗದೆ, ಮೊಸರು ಬೇಕೇನು ಎಂದರು.

"ಆಮೇಲೆ ನಾನೂ ಬಿಟ್ಟು ಬಂದೆ," ಎಂದರು ಪಕ್ಕದ ಮನೆಯವರು, ಬೆಂಗಳೂರಿನವನನ್ನು ನೋಡುತ್ತ. "ಕಾರಣಗಳ ಪಟ್ಟಿ ಮಾಡುವುದಿದ್ದರೆ ಅದರಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಿ."

ಅವನು ನಾಚಿ, ಸಾರಿ ಅಂಕಲ್ ಎಂದ. ಕನ್ನಡದಲ್ಲಿ ಅವನು ಹೇಳಿದ ಮಾತಿಗಾದರೂ ನಾನು ಉತ್ತರ ಕೊಡಬೇಕಿತ್ತು, ಕೊಡಲಿಲ್ಲ.

ಮನೆಗೆ ಬಂದು ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಅವರು ಧಾರವಾಡದವರು, ಯಾವುದಕ್ಕೂ ಗಾಬರಿಯಾಗುವವರಲ್ಲ. "ನಿನಗ ಮ್ಯಾಲಿನವರು ಹೇಳಿದ್ರು, ನೀ ಬರದಿ. ಅಷ್ಟಕ್ಕ ಯಾಕ ಇಷ್ಟು ಹಚ್ಕೊಂಡಿ?" ಎಂದರು. ಹಾಗೆಂದುಕೊಳ್ಳಲು ನಾನೂ ಪ್ರಯತ್ನಿಸಿದೆ. ಆದರೆ ಆಫೀಸಿನಲ್ಲಿ ಯಾವ ಫಾರಂ ತೆರೆದರೂ ಹೆಸರಿನ ಖಾನೆಯ ಮೇಲೆ ಕಣ್ಣು ನಿಲ್ಲುತ್ತಿತ್ತು. ಪಕ್ಕದ ಮನೆಯ ಗ್ಯಾರೇಜಿನ ಬಾಗಿಲು ಏಳುವ ಸದ್ದಿಗೆ ಕಿಟಕಿಯಿಂದ ಹಿಂದೆ ಸರಿಯುತ್ತಿದ್ದೆ. ತಲೆನೋವು ಎಂದು ಎರಡು ಸಲ ಅವರ ಕಾರು ತಪ್ಪಿಸಿದೆ.

ಚಳಿಗಾಲದ ಒಂದು ಶನಿವಾರ ಅವರ ಹೆಂಡತಿ ನಮ್ಮಲ್ಲಿಗೆ ಚಹಾಕ್ಕೆ ಬಂದರು. ವೃದ್ಧರನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಕೆಲಸ ಅವರಿಗೆ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಮ್ಮ ತಾಯಿಯ ವಿಷಯ ಹೇಳಿದರು. ತಾಯಿ ಊರಿನಲ್ಲಿ ಅಕ್ಕತಂಗಿಯರೊಂದಿಗೆ ಜೋಳ, ಶೇಂಗಾ ಬೆಳೆಯುತ್ತಾರೆ. ಆ ಹೊಲ ಈಗ ಊರ ಮುಖ್ಯಸ್ಥನ ಮಗನ ಹೆಸರಿನಲ್ಲಿದೆ. ಅವನು ಅದನ್ನು ಕಬ್ಬಿನ ಕಂಪನಿಗೆ ಗುತ್ತಿಗೆ ಕೊಟ್ಟಿದ್ದಾನೆ. ತೆರವು ಮಾಡಿ ಎಂಬ ನೋಟಿಸು ಬಂದಿದೆ. ಜಿಲ್ಲೆಯ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದ್ದಾರೆ, ಆದರೆ ಉಳುವವರು ಇವರೇ ಎನ್ನಲು ಒಂದು ಚೂರು ಕಾಗದವಿಲ್ಲ.

"ಯಾರೋ ಬಂದು ಎಲ್ಲರ ಹೆಸರು ಬರೆದುಕೊಂಡು ಹೋಗಿದ್ದರಂತೆ," ಎಂದರು. "ಆ ಕಾಗದ ಎಲ್ಲಿ ಹೋಯಿತೋ ಗೊತ್ತಿಲ್ಲ, ಅಂತಾಳೆ ಅಮ್ಮ."

ಊರಿನ ಹೆಸರು ಕೇಳಿದೆ. ನಾನು ನಡೆದಾಡಿದ ಊರೇ. ನಮ್ಮ ಪ್ರಾಜೆಕ್ಟಿನ ಜಿಲ್ಲೆಗಳಿದ್ದದ್ದೇ ಎರಡು, ಆಶ್ಚರ್ಯಪಡಲು ಏನೂ ಇರಲಿಲ್ಲ. ಆದರೂ ಎದ್ದು, ಅರ್ಧ ಕುಡಿದ ನನ್ನ ಚಹಾವನ್ನು ಸಿಂಕಿಗೆ ಸುರಿದೆ. ಆಗಲೂ ಹೇಳಲಿಲ್ಲ. ಅವರು ಹೋದ ಮೇಲೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಸೋಮವಾರ ಬೆಳಗ್ಗೆ ಸ್ಟೇಷನ್ನಿನ ಕಾರ್ ಪಾರ್ಕಿನಲ್ಲಿ ಪಕ್ಕದ ಮನೆಯವರು ಗಾಡಿ ನಿಲ್ಲಿಸಿದಾಗ, ಒಂದು ನಿಮಿಷ ಎಂದೆ. ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಪ್ರಾಜೆಕ್ಟು, ಹಾಳೆಗಳು, ಆ ಮೂವರು, ಟಿಪ್ಪಣಿ. "ನಿಮಗೆ ಉತ್ತರ ಬರೆದವಳು ನಾನೇ," ಎಂದೆ.

ಅವರು ಸ್ಟಿಯರಿಂಗ್ ಮೇಲಿನ ಕೈ ತೆಗೆಯಲಿಲ್ಲ. ನಾವು ಹತ್ತಬೇಕಿದ್ದ ರೈಲು ಬಂದು ಹೋಯಿತು.

"ನಿಮ್ಮ ಉತ್ತರ ನನಗೆ ನೆನಪಿಲ್ಲ," ಎಂದರು ಕೊನೆಗೆ. "ಅಂಥವು ನನ್ನ ಹತ್ತಿರ ಒಂದು ಪೆಟ್ಟಿಗೆ ತುಂಬ ಇದ್ದವು. ಎಲ್ಲದರಲ್ಲೂ ಎರಡನೆಯ ಹಂತ ಅಂತಲೇ ಇರುತ್ತಿತ್ತು."

ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ನನ್ನೊಳಗೆ ಕುಳಿತಿದ್ದ ಸಾಲು ಅವರಿಗೆ ನೆನಪಿನಲ್ಲೂ ಇಲ್ಲ, ಅಂಥ ಸಾಲುಗಳು ಅಷ್ಟೊಂದು ಇದ್ದವು.

"ಕೋಪ ಬಂದಿಲ್ಲ ಅಂದುಕೊಳ್ಳಬೇಡಿ," ಎಂದು ಅವರು ಬಾಗಿಲು ತೆರೆದು ಇಳಿದರು.

ಎರಡು ವಾರ ಅವರು ನನ್ನನ್ನು ಕರೆಯಲಿಲ್ಲ. ನಾನು ಬಸ್ಸಿನಲ್ಲಿ ಹೋದೆ. ಕಸದ ಡಬ್ಬಿ ನಾವೇ ಎಳೆದೆವು. ಹದಿನೈದನೆಯ ದಿನ ಗಂಡ ಹೆಂಡತಿ ಇಬ್ಬರೂ ಬಾಗಿಲಿಗೆ ಬಂದರು. ಒಳಗೆ ಕರೆದರೂ ಕೂಡಲಿಲ್ಲ. ಅವರು ನಿಂತುಕೊಂಡೇ ಹೇಳಿದರು: ನ್ಯಾಯಮಂಡಳಿಗೆ ಒಂದು ಹೇಳಿಕೆ ಬರೆದುಕೊಡಬೇಕು. ಉಳುವವರ ಹೆಸರನ್ನು ಹಾಳೆಗಳಲ್ಲಿ ಬರೆದುಕೊಂಡಿದ್ದಿರಿ, ಕಂಪ್ಯೂಟರಿಗೆ ಏರಿಸುವಾಗ ಬಿಟ್ಟಿರಿ ಎಂದು. ಸಾಧ್ಯವಾದರೆ ಆ ಹಾಳೆಗಳು ಈಗ ಎಲ್ಲಿವೆ ಎಂಬುದು ಗೊತ್ತಾಗಬೇಕು.

ಹೂಂ ಎಂದೆ. ಅವರು ಹೋದ ಕ್ಷಣವೇ ಬೇರೆ ಭಯಗಳು ಎದ್ದವು. ಒಪ್ಪಂದದಲ್ಲಿ ಗೋಪ್ಯತೆಯ ಕಲಮು ಇತ್ತು. ಈಗ ನನ್ನ ಕೆಲಸವೂ ಸರ್ಕಾರಿ ಗುತ್ತಿಗೆಯದು. ಮನೆಯ ಮಾರ್ಟ್‌ಗೇಜ್ ಸಾಲ ಈಗಷ್ಟೇ ಶುರುವಾಗಿತ್ತು. ಹಾಳೆಗಳು ಎಲ್ಲಿವೆ ಎಂದು ಗೊತ್ತಿದ್ದವರು ಒಬ್ಬರೇ, ನಮ್ಮ ತಂಡದ ಹಳೆಯ ಮುಖ್ಯಸ್ಥರು. ಅವರು ಈಗ ಮೆಲ್ಬರ್ನಿನಲ್ಲಿ, ಕ್ರಾನ್‌ಬರ್ನ್ ಎಂಬ ಸಬರ್ಬಿನಲ್ಲಿದ್ದರು. ಫೋನಿನಲ್ಲಿ ವಿಷಯ ತೆಗೆದ ಕೂಡಲೇ, ಇದು ಫೋನಿನ ಮಾತಲ್ಲ ಎಂದರು. ಮುಂದಿನ ಶನಿವಾರ ವಿಮಾನ ಹತ್ತಿದೆ.

ಕ್ರಾನ್‌ಬರ್ನ್ ಸ್ಟೇಷನ್ನಿಗೆ ಕಾರು ತಂದಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮನೆಯಲ್ಲಿ ಅವರ ಹೆಂಡತಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು. ಇಬ್ಬರು ಹೆಣ್ಣುಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾ ಊಟ ಮುಗಿಸಿ ಎದ್ದರು. ಆಮೇಲೆ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆವು. ಅವರು ನನ್ನನ್ನು ತಂಗಿಯ ಹಾಗೆ ನೋಡಿಕೊಂಡವರು. ಅಲ್ಲಿ ನನಗೆ ಮಲೇರಿಯಾ ಬಂದಾಗ ಗಂಜಿ ಮಾಡಿಕೊಟ್ಟವರು. ಆ ಮನುಷ್ಯನ ಕಾಲು ಕುರ್ಚಿಯ ಕೆಳಗೆ ಅಲುಗಾಡುತ್ತಲೇ ಇತ್ತು.

"ನೀ ನಿನ್ನ ಹೆಸರು ಬರದಿ ಅಂದ್ರ, ಸಾಲಿನಾಗ ಮುಂದ ನಂದೂ ಬರ್ತದ," ಎಂದರು. "ನನಗ ಇನ್ನ ಆರು ವರ್ಷ ಕೆಲಸ ಅದ ಇಲ್ಲೆ."

"ಬರ್ತದ್ರಿ ಸರ್. ಆದ್ರ ಹೆಸರು ಬಿಟ್ಟದ್ದು ನಾವ ಅಲ್ರಿ?"

ಅವರು, ಒಳ್ಳೆಯದಕ್ಕೇ ಹೋಗಿದ್ದೆವು, ನಾವಿಲ್ಲದಿದ್ದರೆ ಇನ್ನೊಬ್ಬರು ಮಾಡುತ್ತಿದ್ದರು, ನಮ್ಮೂರಿನ ಕಚೇರಿಗಳೇನು ಸತ್ಯಹರಿಶ್ಚಂದ್ರನ ಆಸ್ಥಾನವೇ ಎಂದೆಲ್ಲ ಹೇಳಿದರು. ಎಲ್ಲವೂ ನಾನು ನನಗೇ ಹೇಳಿಕೊಂಡಿದ್ದ ಮಾತುಗಳೇ. ಹಾಳೆಗಳನ್ನು ಸ್ಕ್ಯಾನ್ ಮಾಡಿದ ಪ್ರತಿಗಳು ಇಲ್ಲ, ಎಲ್ಲವನ್ನೂ ಅಳಿಸಿಯಾಯಿತು ಎಂದರು. ನಾನು ಬರಿಗೈಯಲ್ಲಿ ಹೊರಟೆ.

ಸ್ಟೇಷನ್ನಿನ ಮುಂದೆ ನಾನು ಇಳಿಯುವಾಗ ಅವರು ಎದುರಿನ ಗಾಜನ್ನೇ ನೋಡುತ್ತಾ ಹೇಳಿದರು: "ಕಾಗದ ಒಗಿಲಿಕ್ಕೆ ಪರವಾನಗಿ ಇರಲಿಲ್ಲ. ಗೋಣಿಚೀಲದಾಗ ತುಂಬಿ ಜಿಲ್ಲಾ ಕಚೇರಿ ಜನರೇಟರ್ ಖೋಲಿ ಹಿಂದ ಇಟ್ಟೀವಿ. ಏಳು ಚೀಲ. ನಾ ಹೇಳಿದ್ದು ಅಂತ ಬರೀಬ್ಯಾಡ."

ಬರೆಯಲಿಲ್ಲ, ಚೀಲಗಳಿರುವ ಜಾಗವನ್ನು ಪಕ್ಕದ ಮನೆಯವರಿಗೆ ಬಾಯಿಮಾತಿನಲ್ಲಷ್ಟೇ ತಿಳಿಸಿದೆ. ಹೇಳಿಕೆಯಲ್ಲಿ ನನಗೆ ಕಂಡದ್ದು, ನಾನು ಮಾಡಿದ್ದು ಮಾತ್ರ ಬರೆದೆ. ನಾಲ್ಕು ಪುಟವಾಯಿತು. ಅದನ್ನು ಪ್ರಮಾಣೀಕರಿಸಲು ನಮ್ಮ ಲೈಬ್ರರಿಗೆ ಹೋದೆ. ವಾರಕ್ಕೆ ಎರಡು ದಿನ ಅಲ್ಲಿ ಜೆಪಿ, ಅಂದರೆ ಜಸ್ಟಿಸ್ ಆಫ್ ದಿ ಪೀಸ್, ಒಬ್ಬರು ಮೇಜು ಹಾಕಿಕೊಂಡು ಪುಕ್ಕಟೆಯಾಗಿ ಕಾಗದಗಳಿಗೆ ಸಾಕ್ಷಿ ಹಾಕಿಕೊಡುತ್ತಾರೆ. ಆ ದಿನ ಇದ್ದದ್ದು ವಯಸ್ಸಾದ ಹೆಂಗಸು. ಇದರಲ್ಲಿರುವುದೆಲ್ಲ ನಿಜವೇ ಎಂದು ನಿಯಮದಂತೆ ಕೇಳಿದರು. ನಿಜ ಎಂದೆ. ನನ್ನ ಕೈಬರಹ ಎಂದಿನಂತಿರಲಿಲ್ಲ, ಸಹಿ ಪಾಸ್‌ಪೋರ್ಟಿನದಕ್ಕೆ ಹೊಂದುತ್ತದೆಯೇ ಎಂದು ಅವರು ಎರಡು ಸಲ ನೋಡಿದರು. ಹೊರಗೆ ಬಂದು ಕೂಡಲೇ ಪೋಸ್ಟ್ ಮಾಡಿದೆ. ತಡಮಾಡಿದರೆ ಹರಿದು ಹಾಕುತ್ತೇನೆ ಎಂಬ ಅನುಮಾನ ನನಗೇ ಇತ್ತು.

ಆಮೇಲೆ ಕಾಯುವುದು. ವಿಚಾರಣೆ ಮೂರು ಸಲ ಮುಂದೆ ಹೋಯಿತು. ಒಮ್ಮೆ ಮಂಡಳಿಯ ಸದಸ್ಯರಿಗೆ ಬರಲು ವಾಹನವಿರಲಿಲ್ಲ, ಒಮ್ಮೆ ಮುದ್ರೆ ಬೇರೊಬ್ಬರ ಬಳಿ ಇತ್ತು, ಮೂರನೆಯ ಸಲ ಕಾರಣವನ್ನೇ ಹೇಳಲಿಲ್ಲ. ಅಲ್ಲಿಯ ವಕೀಲರಿಂದ ಸಂದೇಶ ಬಂದಾಗಲೆಲ್ಲ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ಓದಿ ಹೇಳುತ್ತಿದ್ದರು. ನಡುವೆ ಇದ್ದದ್ದು ಸ್ನೇಹವಲ್ಲ, ಆದರೆ ಮುನಿಸೂ ಅಲ್ಲ. ನನ್ನ ಹಳೆಯ ಸಂಸ್ಥೆಯಿಂದ ಪತ್ರವೇನಾದರೂ ಬರುತ್ತದೆಯೇ ಎಂದು ನಾನು ದಿನವೂ ಅಂಚೆಪೆಟ್ಟಿಗೆ ನೋಡುತ್ತಿದ್ದೆ. ಬರಲಿಲ್ಲ. ಆ ಸಂಸ್ಥೆ ಎರಡು ಕೈ ಬದಲಾಗಿ, ಈಗ ಬೇರೆ ಹೆಸರಿನಲ್ಲಿದೆ ಎಂದು ಆಮೇಲೆ ತಿಳಿಯಿತು.

ನಾಲ್ಕನೆಯ ಸಲ ವಿಚಾರಣೆಗೆ ದಿನ ಗೊತ್ತಾದಾಗ ಪಕ್ಕದ ಮನೆಯವರೇ ರಜೆ ಹಾಕಿ ಹೊರಟರು. ವಿಮಾನ ನಿಲ್ದಾಣಕ್ಕೆ ನಾನೂ ನಮ್ಮವರೂ ಬಿಟ್ಟು ಬಂದೆವು. ಹತ್ತು ದಿನ ಅವರ ಹೆಂಡತಿಯ ಮುಖ ನೋಡುವುದೇ ಕಷ್ಟವಾಯಿತು. ಬಂದ ಸುದ್ದಿ ಇಷ್ಟು: ಹಳೆಯ ಗುಮಾಸ್ತರು ತೀರಿಕೊಂಡಿದ್ದಾರೆ. ಅವರ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಇದ್ದಾಳೆ. ಸಂಬಳ ಸರಿಯಾಗಿ ಬರುವುದಿಲ್ಲ, ಆದರೂ ದಿನಾ ಕಚೇರಿಯ ಬಾಗಿಲು ತೆರೆಯುತ್ತಾಳೆ. ಜನರೇಟರ್ ಕೋಣೆಯ ಹಿಂದೆ ಗೋಣಿಚೀಲಗಳು ಇದ್ದವು. ಐದು ಚೀಲ ಗೆದ್ದಲಿನ ಪಾಲಾಗಿದ್ದವು. ಉಳಿದ ಎರಡರಲ್ಲಿ ಅವರ ಅತ್ತೆಯ ಊರಿನ ಹಾಳೆಗಳು ಇರಲಿಲ್ಲ, ಪಕ್ಕದ ಊರಿನವು ಇದ್ದವು. ಒಂದೊಂದು ಹೊಲಕ್ಕೂ ಐದು, ಏಳು, ಒಂಬತ್ತು ಹೆಸರು.

ಮಂಡಳಿ ನನ್ನ ಹೇಳಿಕೆಯನ್ನೂ ಆ ಹಾಳೆಗಳನ್ನೂ ಒಟ್ಟಿಗೆ ಓದಿತು. ಇಂಥ ಹಾಳೆಗಳು ಎಲ್ಲ ಊರಿಗೂ ಇದ್ದವು ಎಂಬುದನ್ನು ಒಪ್ಪಿತು. ಆ ಊರುಗಳನ್ನು ಮತ್ತೆ ಅಳೆದು ಉಳುವವರ ಹೆಸರು ಬರೆಯುವವರೆಗೆ ಯಾರನ್ನೂ ಎಬ್ಬಿಸಬಾರದು, ಗುತ್ತಿಗೆ ನಡೆಯಬಾರದು ಎಂದು ಆದೇಶವಾಯಿತು. ಹೊಲ ಸಿಕ್ಕಿತು ಅಂತಲ್ಲ, ಹೋಗುವುದು ನಿಂತಿತು. ಮತ್ತೆ ಅಳೆಯುವವರು ಯಾರು ಎಂಬುದು ಆದೇಶದಲ್ಲಿ ಇರಲಿಲ್ಲ. ಜಿಲ್ಲೆಯಲ್ಲಿ ಅಳತೆ ಬಲ್ಲವರು ಯಾರೂ ಉಳಿದಿರಲಿಲ್ಲ.

ಆ ಹೆಣ್ಣುಮಗಳು ಪಕ್ಕದ ಮನೆಯವರನ್ನು ಮೂರು ತಿಂಗಳು ಇದ್ದು ದಾಖಲೆ ಬರೆಯುವ ಕೆಲಸ ಕಲಿಸಿಕೊಡಿ ಎಂದು ಕೇಳಿದಳಂತೆ. ಅವರ ರಜೆ ಮುಗಿದಿತ್ತು. ವಾಪಸು ಬಂದ ದಿನ ಮನೆಯ ಮುಂದೆ ಪೆಟ್ಟಿಗೆ ಇಳಿಸಿ ನನ್ನ ಕಡೆ ಬಂದರು. "ಇನ್ನೊಂದು ಸಲ ಬಿಟ್ಟು ಬಂದೆ, ಸಿಸ್ಟರ್," ಎಂದರು. ಎಷ್ಟೋ ತಿಂಗಳ ಮೇಲೆ ಆ ಕರೆ ಕಿವಿಗೆ ಬಿತ್ತು. ಅವರ ಚೀಲವೊಂದನ್ನು ಎತ್ತಿಕೊಂಡು ಒಳಗಿಟ್ಟೆ.

ಈಗ ಪ್ರತಿ ಗುರುವಾರ ಸಂಜೆ ಐದು ಗಂಟೆಗೆ, ಅಲ್ಲಿಯ ಬೆಳಗಿಗೆ, ಅವರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂಡುತ್ತೇವೆ. ಅತ್ತ ಕಡೆ ಆ ಗುಮಾಸ್ತೆ, ಜೊತೆಗೆ ಹೊಸದಾಗಿ ಸೇರಿದ ಇಬ್ಬರು ಸಹಾಯಕಿಯರು. ಪಕ್ಕದ ಮನೆಯವರು ಮೊದಲ ದಿನವೇ ನನಗೆ ಒಂದು ಷರತ್ತು ಹಾಕಿದರು: ಆ ಕಡೆಯವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು, ನಮೂನೆಯನ್ನು ನಾವು ಬರೆದುಕೊಡಬಾರದು. ಇದೂ ಇನ್ನೊಂದು ಹೊರಗಿನವರ ಪ್ರಾಜೆಕ್ಟು ಆಗಿಬಿಡುತ್ತದೆಯೋ ಎಂಬ ಹೆದರಿಕೆ ಅವರಿಗೂ ಇದೆ, ನನಗೂ ಇದೆ. ಮಂಡಳಿಯ ಅಧ್ಯಕ್ಷರ ಅವಧಿ ಬರುವ ವರ್ಷ ಮುಗಿಯುತ್ತದೆ. ಹೊಸಬರು ಬರುತ್ತಾರೋ, ಬಂದವರು ಆದೇಶ ಉಳಿಸುತ್ತಾರೋ ಗೊತ್ತಿಲ್ಲ. ಆ ಗುಮಾಸ್ತೆಗೆ ಹೆಚ್ಚು ಸಂಬಳದ ಕೆಲಸವೊಂದು ಬಂದಿದೆಯಂತೆ, ನೆರವಿನ ಸಂಸ್ಥೆಯೊಂದರಿಂದ. ಅವಳು ಇನ್ನೂ ಹೂಂ ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ನಾವು ಕೇಳುವುದಿಲ್ಲ. ಕೇಳುವ ಹಕ್ಕು ನಮ್ಮಿಬ್ಬರಿಗೂ ಇಲ್ಲ.

ಕಳೆದ ಗುರುವಾರ ಅವಳು ತಾನೇ ಗೆರೆ ಎಳೆದ ನಮೂನೆಯನ್ನು ಕ್ಯಾಮೆರಾದ ಮುಂದೆ ಹಿಡಿದಳು. ಹೆಸರುಗಳಿಗೆ ಹನ್ನೆರಡು ಸಾಲು ಇದ್ದವು. ಹನ್ನೆರಡಕ್ಕಿಂತ ಹೆಚ್ಚು ಜನರಿದ್ದರೆ ಏನು ಮಾಡಲಿ ಎಂದು ನನ್ನನ್ನು ಕೇಳಿದಳು. ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ನೀವೇನು ಮಾಡಬೇಕು ಅಂದುಕೊಂಡಿದ್ದೀರಿ ಎಂದು ಕೇಳಿದೆ. ಅವಳು ಸಹಾಯಕಿಯರ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಚರ್ಚಿಸತೊಡಗಿದಳು. ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ಅಷ್ಟರಲ್ಲಿ ಅಲ್ಲಿ ಕರೆಂಟು ಹೋಗಿ ಪರದೆ ಕಪ್ಪಾಯಿತು. ಕರೆ ಮತ್ತೆ ಬರಬಹುದೆಂದು ನಾವಿಬ್ಬರೂ ಆರೂವರೆಯ ತನಕ ಕಾದೆವು.